ಟೈಟಾನಿಕ್ 4 ಸಿಡಿ ಸೆಟ್: ರೋಸ್‌ಳ ಟ್ಯೂನ್ ಕೊನೆಗೂ ತನ್ನ ಜಾಗಕ್ಕೆ ಬಂತು

ಟೈಟಾನಿಕ್ ಸಂಗೀತ ಕೇಳದವರು ಕಡಿಮೆ. ಆದರೆ ಹೆಚ್ಚಿನವರಿಗೆ ಗೊತ್ತಿರುವುದು ಸೆಲೀನ್ ಡಿಯಾನ್ ಹಾಡು, ಅದರ ಶುರುವಿನ ಕೊಳಲು, ಅಷ್ಟೇ. ಇನ್ನೂ ಸ್ವಲ್ಪ ಆಸೆ ಇದ್ದವರು 1997ರ ಆಲ್ಬಮ್ ಪೂರ್ತಿ ಕೇಳಿರುತ್ತಾರೆ. ನಾನು ಬರೆಯುತ್ತಿರುವುದು ಅದರ ಬಗ್ಗೆ ಅಲ್ಲ. ಸಿನಿಮಾಕ್ಕೆ 20 ವರ್ಷ ತುಂಬಿದಾಗ, 2017ರಲ್ಲಿ, ಸಿನಿಮಾ ಸಂಗೀತದ ಸಿಡಿಗಳನ್ನು ತರುವ ಲಾ-ಲಾ ಲ್ಯಾಂಡ್ ರೆಕಾರ್ಡ್ಸ್ ಕಂಪನಿ ತಂದ 4 ಸಿಡಿಗಳ ಸೆಟ್ ಬಗ್ಗೆ. 5000 ಪ್ರತಿ ಮಾತ್ರ ಅಂತ ಮೊದಲೇ ಹೇಳಿ ಮಾಡಿದ ಬಿಡುಗಡೆ ಇದು. ಸಂಗೀತ ಕೊಟ್ಟ ಜೇಮ್ಸ್ ಹಾರ್ನರ್ ಇದನ್ನು ಕೈಯಲ್ಲಿ ಹಿಡಿದು ನೋಡಲಿಲ್ಲ. 2015ರ ಜೂನ್‌ನಲ್ಲಿ ತಾವೇ ಓಡಿಸುತ್ತಿದ್ದ ಸಣ್ಣ ವಿಮಾನ ಬಿದ್ದು ತೀರಿಕೊಂಡರು. ಸೆಟ್ ಕೇಳುವಾಗ ಆ ವಿಷಯ ನನ್ನ ಮನಸ್ಸಿನಿಂದ ಹೋಗಲೇ ಇಲ್ಲ.

ಹಳೆಯ ಆಲ್ಬಮ್ ಕೆಟ್ಟದ್ದು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಸುಮಾರು 72 ನಿಮಿಷ, 15 ಟ್ರ್ಯಾಕ್, ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆದರೆ ಅದರಲ್ಲಿ ಒಂದು ವಿಚಿತ್ರ ಇತ್ತು. 'ರೋಸ್' ಅನ್ನುವ ಟ್ರ್ಯಾಕ್ ನಾಲ್ಕನೆಯದು, 'ಲೀವಿಂಗ್ ಪೋರ್ಟ್' ಐದನೆಯದು. ಸಿನಿಮಾದಲ್ಲಿ 'ರೋಸ್' ಬರುವುದು ಯಾವಾಗ? ನಾಯಕಿ ರೋಸ್ ಹಡಗಿನ ಮುಂತುದಿಯಲ್ಲಿ ಕೈ ಚಾಚಿ ನಿಂತು, ಸಂಜೆಯ ಬೆಳಕಿನಲ್ಲಿ, ನಾನು ಹಾರುತ್ತಿದ್ದೇನೆ ಅನ್ನುವಾಗ. ಅಷ್ಟು ಹೊತ್ತಿಗೆ ಹಡಗು ಬಂದರು ಬಿಟ್ಟು ಎಷ್ಟೋ ದೂರ ಬಂದಿರುತ್ತದೆ, ಅವಳೂ ಜ್ಯಾಕ್‌ನೂ ಜಗಳ ಆಡಿ, ನಕ್ಕು, ಕುಣಿದು, ಒಮ್ಮೆ ಬೇಡವೆಂದು ದೂರ ಸರಿದೂ ಆಗಿರುತ್ತದೆ. ಆಲ್ಬಮ್‌ನಲ್ಲಿ ಮಾತ್ರ ಹಡಗು ಹೊರಡುವ ಮೊದಲೇ ಪ್ರೀತಿ ಆಗಿಹೋಗಿರುತ್ತದೆ. ಸುಮ್ನೆ ಕೇಳಿಕೊಂಡು ಹೋಗಲು ಅದು ಚೆನ್ನಾಗಿಯೇ ಇತ್ತು. ಆದರೆ ಆ ಟ್ಯೂನ್‌ಗೆ ಎಷ್ಟು ಕಾಯಬೇಕಿತ್ತು ಅನ್ನುವುದು ಗೊತ್ತಾಗುತ್ತಿರಲಿಲ್ಲ.

ಈ ಸೆಟ್‌ನಲ್ಲಿ ಸಂಗೀತ ಸಿನಿಮಾದ ಕ್ರಮದಲ್ಲಿ ಬರುತ್ತದೆ. ನನ್ನ ಪಾಲಿಗೆ ಇಡೀ ಸೆಟ್‌ನ ಬೆಲೆ ಇರುವುದು ಇಲ್ಲೇ. ಹೊಸದಾಗಿ ಸಿಕ್ಕ ನಿಮಿಷಗಳು ಎಷ್ಟು ಅಂತ ಲೆಕ್ಕ ಹಾಕುವವರು ಹಾಕಲಿ, ನನಗೆ ಅದಕ್ಕಿಂತ ದೊಡ್ಡದು ಈ ಕ್ರಮ. ಹಡಗು ಹೊರಡುವ ಸಡಗರ ಮೊದಲು ಬರುತ್ತದೆ, ಆಮೇಲೆ ಸಮುದ್ರದ ಮೇಲೆ ವೇಗ ಹೆಚ್ಚುವ ಸಂಗೀತ. ನಡುವೆ ಸಣ್ಣ ಸಣ್ಣ ತುಣುಕುಗಳು. ಬಿಡಿಬಿಡಿಯಾಗಿ ಕೇಳಿದರೆ ಅವುಗಳಲ್ಲಿ ಏನೂ ಇಲ್ಲ ಅನ್ನಿಸಬಹುದು, ಆದರೆ ಅವು ಇರುವುದರಿಂದಲೇ ಮುಂದೆ ರೋಸ್‌ಳ ಟ್ಯೂನ್ ಪೂರ್ತಿ ಅರಳಿದಾಗ ಮೈ ಜುಮ್ಮೆನ್ನುತ್ತದೆ. ಇಷ್ಟು ವರ್ಷ ಬಾಯಿಪಾಠವಾಗಿದ್ದ ಟ್ಯೂನ್ ಅದು. ಆದರೂ ಮೊದಲ ಸಲ ಕೇಳಿದಂತೆ ಕೂತುಬಿಟ್ಟೆ.

ಆ ಟ್ಯೂನ್ ಹಾಡುವ ದನಿಯ ಬಗ್ಗೆ ಹೇಳಲೇಬೇಕು. ಸೆಲೀನ್ ಡಿಯಾನ್ ಹಾಡು ಬರುವುದು ಸಿನಿಮಾ ಮುಗಿದ ಮೇಲೆ. ಒಳಗೆಲ್ಲಾ ಹಾಡಿರುವುದು ಸಿಸೆಲ್ ಅನ್ನುವ ನಾರ್ವೆಯ ಗಾಯಕಿ. ಒಂದು ಪದವೂ ಇಲ್ಲ, ನಮ್ಮ ಆಲಾಪದ ಹಾಗೆ ಬರೀ ಸ್ವರ. ಅವರು ಅದಕ್ಕೂ ಮೊದಲು ನಾರ್ವೆಯ ಹಳೆಯ ಭಕ್ತಿಗೀತೆಗಳನ್ನು ಹಾಡಿದ್ದ ಆಲ್ಬಮ್ ಒಂದನ್ನು ಹಾರ್ನರ್ ಕೇಳಿದ್ದರು. ಇಂಥದ್ದೇ ದನಿ ಬೇಕು ಅಂತ ಆರಿಸಿಕೊಂಡದ್ದು ಎಷ್ಟು ಒಳ್ಳೆಯದಾಯಿತು! ಅದು ಪ್ರೇಮಗೀತೆ ಹಾಡುವವರ ದನಿ ಅಲ್ಲವೇ ಅಲ್ಲ. ಯಾರನ್ನೋ ಕಳೆದುಕೊಂಡು ತುಂಬಾ ವರ್ಷ ಆದ ಮೇಲೆ ಒಬ್ಬರೇ ಕೂತು ಗುನುಗುವ ದನಿ. ಕಥೆ ಹೇಳುತ್ತಿರುವುದು 100 ವರ್ಷದ ಅಜ್ಜಿಯಾದ ರೋಸ್ ಅನ್ನುವುದನ್ನು ಸಂಗೀತ ಒಂದು ಕ್ಷಣವೂ ಮರೆಯುವುದಿಲ್ಲ.

ಇನ್ನೊಂದು ಇಲಿನ್ ಪೈಪ್ಸ್, ಐರ್ಲೆಂಡ್‌ನ ವಾದ್ಯ, ಇಲ್ಲಿ ನುಡಿಸಿದವರು ಎರಿಕ್ ರಿಗ್ಲರ್. ಇದನ್ನು ಬಾಯಿಂದ ಊದುವುದಿಲ್ಲ. ಮೊಣಕೈ ಕೆಳಗೆ ಒಂದು ಸಣ್ಣ ತಿದಿ ಇರುತ್ತದೆ, ಅದನ್ನು ಒತ್ತಿ ಒತ್ತಿ ಚೀಲಕ್ಕೆ ಗಾಳಿ ತುಂಬುತ್ತಾರೆ. ನುಡಿಸುವವರು ಉಸಿರಿಗಾಗಿ ನಿಲ್ಲಬೇಕಿಲ್ಲ, ಹಾಗಾಗಿ ಸ್ವರ ಕಡಿಯದೆ ಎಳೆದುಕೊಂಡು ಹೋಗುತ್ತದೆ. ನೀರಿನ ಮೇಲೆ ತೇಲುತ್ತಾ ದೂರ ಹೋಗುವ ಏನನ್ನೋ ನೋಡುತ್ತಾ ನಿಂತ ಹಾಗೆ ಅನ್ನಿಸುವುದು ಇದರಿಂದಲೇ. ಹೆಡ್‌ಫೋನ್‌ನಲ್ಲಿ ಕೇಳಿ, ಸಿಸೆಲ್ ದನಿ ನಿಂತಲ್ಲಿಂದ ಪೈಪ್ ಎತ್ತಿಕೊಳ್ಳುವ ಜಾಗಗಳಲ್ಲಿ ಯಾವುದು ಮನುಷ್ಯರ ದನಿ, ಯಾವುದು ವಾದ್ಯ ಅಂತ ಒಂದು ಕ್ಷಣ ಗೊಂದಲವಾಗುತ್ತದೆ.

ಈಗ ಇಷ್ಟವಾಗದ್ದು. ಹಡಗು ಹೊರಡುವ ಸಂಗೀತದಲ್ಲಿ ಬರುವ ಕೋರಸ್ ನಿಜವಾದ ಗಾಯಕರದ್ದಲ್ಲ, ಸಿಂಥಸೈಸರ್‌ನದ್ದು. ಹಾರ್ನರ್ ಬೇಕೆಂದೇ ಹಾಗೆ ಮಾಡಿದ್ದರು, ಹಳೆಯ ಕಾಲದ ಸಿನಿಮಾದ ಹಾಗೆ ಕೇಳಬಾರದು ಅನ್ನುವುದು ಅವರ ಉದ್ದೇಶ. ಆಗ ಅದು ಹೊಸತಾಗಿ ಕೇಳಿರಬಹುದು. ಈಗ ಅದೇ ಎಲ್ಲಕ್ಕಿಂತ ಹಳೆಯದಾಗಿ ಕೇಳುತ್ತದೆ. 72 ನಿಮಿಷದಲ್ಲಿ ಅದು ಅಷ್ಟಾಗಿ ಕಾಡುತ್ತಿರಲಿಲ್ಲ, ಇಷ್ಟು ದೊಡ್ಡ ಸೆಟ್‌ನಲ್ಲಿ ಮರೆಮಾಚಲು ಜಾಗವಿಲ್ಲ. ಸುತ್ತ ಅಷ್ಟು ಚೆಂದದ ಪಿಟೀಲುಗಳು, ಹಾರ್ನ್‌ಗಳು ಇರುವಾಗ ಆ ಕೋರಸ್ ಬಂದಾಗಲೆಲ್ಲಾ ಇಲ್ಲಿ ನಿಜವಾದ ಗಾಯಕರು ಇರಬೇಕಿತ್ತು ಅನ್ನಿಸುತ್ತದೆ. ಮುಳುಗುವ ಭಾಗವೂ ಚಿತ್ರವಿಲ್ಲದೆ ಉದ್ದವಾಯಿತು ಅನ್ನಿಸಿತು. ಕಬ್ಬಿಣ ಬಡಿದ ಹಾಗಿನ ಸದ್ದು, ಓಡುವ ತಾಳ, ಮತ್ತೆ ಬಡಿತ. ಸಿನಿಮಾದಲ್ಲಿ ಉಸಿರು ಕಟ್ಟಿಸಿದ ಸಂಗೀತವೇ ಇದು, ಕೂತು ಕೇಳುವಾಗ ಮಾತ್ರ ದಣಿವಾಗುತ್ತದೆ.

ಆದರೆ ಆ ದಣಿವಿನ ನಡುವೆಯೇ, ರೋಸ್ ಲೈಫ್‌ಬೋಟ್‌ನಲ್ಲಿ ಕೆಳಗೆ ಇಳಿಯುತ್ತಾ ಜ್ಯಾಕ್‌ನನ್ನು ನೋಡಿ ಮತ್ತೆ ಹಡಗಿಗೇ ಹಾರುವ ಜಾಗ ಬರುತ್ತದೆ. ಸಿನಿಮಾದಲ್ಲಿ ಸುತ್ತಲಿನ ಗದ್ದಲವೆಲ್ಲಾ ಅಡಗಿ ಸಂಗೀತವೊಂದೇ ಉಳಿಯುತ್ತದಲ್ಲಾ, ಅದು. ಹಳೆಯ ಆಲ್ಬಮ್‌ನಲ್ಲೂ ಇತ್ತು. ಆದರೆ ಅಷ್ಟು ಹೊತ್ತಿನ ಬಡಿತ ಕೇಳಿ ಬಳಲಿದ ಕಿವಿಗೆ ಆ ಪಿಟೀಲುಗಳು ಬಿದ್ದಾಗ ಕಣ್ಣು ತುಂಬಿತು. ಮುಳುಗುವ ಭಾಗ ಉದ್ದವಾಯಿತು ಅಂದೆನಲ್ಲ, ಒಂದು ನಿಮಿಷ ಕೂಡ ಕತ್ತರಿಸಬೇಡಿ ಅಂತಲೂ ನಾನೇ ಹೇಳುತ್ತೇನೆ.

1998ರಲ್ಲಿ 'ಬ್ಯಾಕ್ ಟು ಟೈಟಾನಿಕ್' ಅಂತ ಎರಡನೇ ಆಲ್ಬಮ್ ಬಂದಿತ್ತು, ಅದು ಇರುವವರಿಗೆ ಇದು ಬೇಕಾ ಅನ್ನುವ ಪ್ರಶ್ನೆ ಬರುತ್ತದೆ. ಬೇಕು. ಅದರಲ್ಲಿ ಒಳ್ಳೆಯ ತುಣುಕುಗಳಿದ್ದವು ನಿಜ, ಆದರೆ 19 ನಿಮಿಷದ ಒಂದು ಸೂಟ್, ಅಂದರೆ ಸಿನಿಮಾದ ಟ್ಯೂನ್‌ಗಳನ್ನು ಜೋಡಿಸಿ ಮಾಡಿದ ಉದ್ದನೆಯ ತುಣುಕು, ಲಂಡನ್ ಸಿಂಫನಿ ಆರ್ಕೆಸ್ಟ್ರಾದಿಂದ ಹೊಸದಾಗಿ ನುಡಿಸಿದ್ದು, ಸಿನಿಮಾದಲ್ಲಿ ಕೇಳಿದ್ದಲ್ಲ. ಹಾಡಿನ ಮೇಲೆ ಸಿನಿಮಾದ ಮಾತುಗಳನ್ನು ಹಾಕಿದ ಟ್ರ್ಯಾಕ್ ಕೂಡ ಇತ್ತು, ಅದನ್ನು ನಾನು ಯಾವಾಗಲೂ ದಾಟಿಸಿಬಿಡುತ್ತಿದ್ದೆ. ಒಂದಕ್ಕಾಗಿ ಮಾತ್ರ ಆ ಆಲ್ಬಮ್ ಇಟ್ಟುಕೊಳ್ಳಿ. ಜ್ಯಾಕ್ ಚಿತ್ರ ಬರೆಯುವ ದೃಶ್ಯದ ಸಂಗೀತ, ಹಾರ್ನರ್ ಒಬ್ಬರೇ ಪಿಯಾನೋದಲ್ಲಿ ನುಡಿಸಿದ್ದು. ದೊಡ್ಡ ಆರ್ಕೆಸ್ಟ್ರಾ ಇದ್ದೂ ಆ ದೃಶ್ಯಕ್ಕೆ ಬರೀ ಪಿಯಾನೋ ಸಾಕು ಅಂತ ಬಿಟ್ಟದ್ದು ಎಷ್ಟು ಸರಿಯಾದ ತೀರ್ಮಾನ. ಅಲ್ಲಿ ಇನ್ನೊಂದು ವಾದ್ಯ ಬಂದಿದ್ದರೂ ಮೂರನೆಯವರು ಕೋಣೆಗೆ ಬಂದ ಹಾಗೆ ಆಗುತ್ತಿತ್ತು.

ಹಡಗಿನ ಬ್ಯಾಂಡ್ ನುಡಿಸುವ ಸಂಗೀತವೂ ಸೆಟ್‌ನಲ್ಲಿದೆ. ನುಡಿಸಿದವರು ಸ್ವಿಟ್ಜರ್ಲೆಂಡ್‌ನ ಇ ಸಲೋನಿಸ್ತಿ ತಂಡ, ಸಿನಿಮಾದಲ್ಲೂ ಅವರೇ ಕಾಣಿಸಿಕೊಂಡಿದ್ದಾರೆ. ಚೆನ್ನಾಗಿದೆ, ಆದರೆ ಹಾರ್ನರ್ ಸಂಗೀತ ಕೇಳಿದ ತಕ್ಷಣ ಅದಕ್ಕೆ ಹೋಗಬೇಡಿ, ಬೇರೆ ದಿನ ಕೇಳಿ.

ಹಾಡು ಮಾತ್ರ ಸಾಕು ಅನ್ನುವವರಿಗೆ ಈ ಸೆಟ್ ಬೇಡ, 1997ರ ಆಲ್ಬಮ್ ಸಾಕು. ಹಾರ್ನರ್ ಸಂಗೀತ ಪ್ರೀತಿಸುವವರು ಎಲ್ಲಿ ಸಿಕ್ಕರೂ ಬಿಡಬೇಡಿ. ಮೊದಲ ಸಲ ಹಾಕುವಾಗ ಟ್ರ್ಯಾಕ್ ಹಾರಿಸಬೇಡಿ, ಅಜ್ಜಿ ಆ ನೀಲಿ ಹರಳನ್ನು ನೀರಿಗೆ ಬಿಡುವವರೆಗೂ ಕೇಳಿ. ಅಲ್ಲಿ ರೋಸ್‌ಳ ಟ್ಯೂನ್ ತುಂಬಾ ಮೆಲ್ಲಗೆ ವಾಪಸ್ ಬರುತ್ತದೆ.