ಚುಕ್ಕಿಯ ಬಟ್ಟಲು: ಒಣ ಆಹಾರ, ಪೂರಕ, ಟ್ರೀಟ್‌ಗಳ ಐದು ವರ್ಷದ ಅನುಭವ

ಚುಕ್ಕಿ ನಮ್ಮ ಮನೆಯ ಲ್ಯಾಬ್ರಡಾರ್. ಈಗ ಅವಳಿಗೆ ಒಂಬತ್ತು ವರ್ಷ, ತೂಕ 28 ಕೆ.ಜಿ. ನಾಲ್ಕು ತುಂಬಿದಾಗ 34 ಕೆ.ಜಿ. ಇದ್ದಳು. ಅಲ್ಲಿಂದ ಇಲ್ಲಿಯವರೆಗೆ ಒಂದೇ ಒಣ ಆಹಾರವನ್ನು ಹಾಕುತ್ತಾ ಬಂದಿದ್ದೇನೆ. ಜೊತೆಗೆ ಎರಡು ಪೂರಕಗಳನ್ನೂ ಹಲವು ಬಗೆಯ ಟ್ರೀಟ್‌ಗಳನ್ನೂ ತಂದು ನೋಡಿದ್ದೇನೆ. ಕೆಲವನ್ನು ಉಳಿಸಿಕೊಂಡೆ, ಕೆಲವನ್ನು ಬಿಟ್ಟೆ. ಕಂಪನಿಯ ಹೆಸರು ಬರೆಯುತ್ತಿಲ್ಲ, ಏಕೆಂದರೆ ಚುಕ್ಕಿಗೆ ಒಗ್ಗಿದ್ದು ನಿಮ್ಮ ನಾಯಿಗೂ ಒಗ್ಗುತ್ತದೆ ಎಂದು ಹೇಳಲಾರೆ. ಆ ಚೀಲವನ್ನು ಏಕೆ ಆರಿಸಿದೆ, ಅದರಿಂದ ದಿನಕ್ಕೆ ಎಷ್ಟು ತೆಗೆದೆ ಎಂಬುದನ್ನು ಮಾತ್ರ ವಿವರವಾಗಿ ಹೇಳುತ್ತೇನೆ. ಐದು ವರ್ಷದಲ್ಲಿ ಫಲ ಕೊಟ್ಟದ್ದು ಇವೆರಡೇ.

ಮೊದಲು ಹಾಕುತ್ತಿದ್ದ ಆಹಾರವನ್ನು ನಾನು ಚಿತ್ರ ನೋಡಿ ಕೊಂಡಿದ್ದೆ. ಚೀಲದ ಮೇಲೆ ತೋಳದ ಮುಖ, ಕೆಂಪು ಮಾಂಸದ ತುಂಡು, ‘ಧಾನ್ಯರಹಿತ’ ಎಂಬ ದೊಡ್ಡ ಅಕ್ಷರ. ನಾಯಿ ಮಾಂಸಾಹಾರಿ, ಧಾನ್ಯ ಅದಕ್ಕೆ ಕೆಟ್ಟದ್ದು ಎಂದು ನಾನೂ ನಂಬಿದ್ದೆ. ಹಿಂಬದಿಯ ಪಟ್ಟಿಯಲ್ಲಿ ತಾಜಾ ಮಾಂಸ ಮೊದಲು, ಆಮೇಲೆ ಬಟಾಣಿ, ಬಟಾಣಿ ಪ್ರೋಟೀನ್, ಬಟಾಣಿ ಪಿಷ್ಟ, ಮಸೂರ. ಪದಾರ್ಥಗಳನ್ನು ಬೆರೆಸುವಾಗಿನ ತೂಕದ ಕ್ರಮದಲ್ಲಿ ಬರೆಯುತ್ತಾರೆ. ತಾಜಾ ಮಾಂಸದ ಮುಕ್ಕಾಲು ಪಾಲು ಹತ್ತಿರ ನೀರೇ ಇರುವುದರಿಂದ ಅದು ಸುಲಭವಾಗಿ ಮೊದಲ ಸ್ಥಾನಕ್ಕೆ ಬರುತ್ತದೆ. ಒಂದೇ ಬಟಾಣಿಯನ್ನು ಮೂರು ಹೆಸರಿನಲ್ಲಿ ಒಡೆದು ಬರೆದರೆ ಪ್ರತಿಯೊಂದೂ ಕೆಳಗೆ ಇಳಿಯುತ್ತದೆ. ಇದನ್ನು ಪಶುವೈದ್ಯೆ ಆ ಚೀಲದ ಮೇಲೆಯೇ ಬೆರಳಿಟ್ಟು ತೋರಿಸುವವರೆಗೆ ನನಗೆ ಹೊಳೆದಿರಲಿಲ್ಲ.

ಧಾನ್ಯದ ವಿಷಯವನ್ನೂ ಅವರೇ ಬಿಡಿಸಿ ಹೇಳಿದರು. ಪಿಷ್ಟವನ್ನು ಒಡೆಯುವ ಕಿಣ್ವಕ್ಕೆ ಸಂಬಂಧಿಸಿದ ಒಂದು ಜೀನ್ ತೋಳಗಳಲ್ಲಿ ಎರಡು ಪ್ರತಿಗಳಷ್ಟಿದ್ದರೆ, ನಾಯಿಗಳಲ್ಲಿ 4ರಿಂದ 30ರವರೆಗೆ ಇರುತ್ತದೆ ಎಂದು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಮನುಷ್ಯರ ಜೊತೆ ಬಾಳುತ್ತಾ ನಾಯಿಯ ಹೊಟ್ಟೆಯೂ ಬದಲಾಗಿದೆ. 2018ರ ಜುಲೈಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಕೆಲವು ನಾಯಿಗಳ ಹೃದಯದ ಸ್ನಾಯು ಹಿಗ್ಗುವ ಕಾಯಿಲೆಗೂ, ಬಟಾಣಿ, ಬೇಳೆ, ಆಲೂಗಡ್ಡೆ ಹೆಚ್ಚಿರುವ ಆಹಾರಕ್ಕೂ ನಂಟು ಇದೆಯೇ ಎಂದು ಪರಿಶೀಲಿಸಲು ತೊಡಗಿತು. ಅದೇ ಕಾರಣ ಎಂದು ಇನ್ನೂ ಸಾಬೀತಾಗಿಲ್ಲ. ಆದರೂ ಧಾನ್ಯದ ಅಲರ್ಜಿಯೇ ಇಲ್ಲದ ನಾಯಿಗೆ ಧಾನ್ಯರಹಿತ ಆಹಾರ ಹಾಕಲು ನನಗೆ ಯಾವ ಕಾರಣವೂ ಉಳಿಯಲಿಲ್ಲ.

ಹೊಸ ಆಹಾರವನ್ನು ಆರಿಸುವಾಗ ಮುಂಬದಿಯನ್ನು ನೋಡಲೇ ಇಲ್ಲ. ಚೀಲದ ಹಿಂದೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ಇದು ಯಾವ ವಯಸ್ಸಿನ ನಾಯಿಗೆ ಸಂಪೂರ್ಣ ಮತ್ತು ಸಮತೋಲಿತ ಆಹಾರ, ಯಾವ ಮಾನದಂಡದ ಪ್ರಕಾರ. ಅಮೆರಿಕದಲ್ಲಿ ಆಫ್ಕೊ, ಯುರೋಪಿನಲ್ಲಿ ಫೆಡಿಯಾಫ್ ಎಂಬ ಸಂಸ್ಥೆಗಳು ಇಂಥ ಮಾನದಂಡಗಳನ್ನು ರೂಪಿಸಿವೆ. ಆಫ್ಕೊ ಪ್ರಕಾರ ನೀರನ್ನು ಕಳೆದ ಲೆಕ್ಕದಲ್ಲಿ ಬೆಳೆದ ನಾಯಿಯ ಆಹಾರದಲ್ಲಿ ಕನಿಷ್ಠ ಶೇ. 18, ಬೆಳೆಯುವ ಮರಿಯ ಆಹಾರದಲ್ಲಿ ಕನಿಷ್ಠ ಶೇ. 22.5 ಪ್ರೋಟೀನ್ ಇರಬೇಕು. ಆ ಸಾಲು ಇಲ್ಲದೆ ‘ಪೂರಕ ಆಹಾರ’ ಎಂದಷ್ಟೇ ಇದ್ದರೆ ಅದನ್ನು ದಿನವೂ ಊಟವಾಗಿ ಹಾಕುವಂತಿಲ್ಲ, ಚೀಲ ಎಷ್ಟೇ ಚೆಂದವಾಗಿರಲಿ.

ನೀರನ್ನು ಕಳೆದ ಲೆಕ್ಕ ಎಂದೆನಲ್ಲ, ಅದನ್ನು ಕಲಿತ ಮೇಲೆ ಡಬ್ಬಿಯ ಆಹಾರದ ಬಗ್ಗೆ ಇದ್ದ ತಪ್ಪು ಕಲ್ಪನೆಯೂ ಹೋಯಿತು. ಒಣ ಆಹಾರದ ಮೇಲೆ ಪ್ರೋಟೀನ್ ಶೇ. 26, ತೇವಾಂಶ ಶೇ. 10 ಎಂದಿದೆ ಎನ್ನಿ. ನೂರರಲ್ಲಿ ನೀರು ಹೋಗಿ ಉಳಿದ 90ರಲ್ಲಿ 26 ಎಂದರೆ ಸುಮಾರು ಶೇ. 29. ಡಬ್ಬಿಯ ಮೇಲೆ ಪ್ರೋಟೀನ್ ಶೇ. 9, ತೇವಾಂಶ ಶೇ. 78 ಎಂದಿದ್ದರೆ, ಉಳಿದ 22ರಲ್ಲಿ 9 ಎಂದರೆ ಸುಮಾರು ಶೇ. 41. ಮೇಲ್ನೋಟಕ್ಕೆ ಬಡವಾಗಿ ಕಂಡ ಡಬ್ಬಿಯೇ ಇಲ್ಲಿ ಮುಂದೆ.

ಎರಡು ಕಂಪನಿಗಳಿಗೆ ಪತ್ರ ಬರೆದೆ. ಈ ಆಹಾರವನ್ನು ರೂಪಿಸಿದವರು ಯಾರು, ಅವರಿಗೆ ಪಶು ಪೋಷಣೆಯಲ್ಲಿ ತರಬೇತಿ ಇದೆಯೇ, ಸ್ವಂತ ಕಾರ್ಖಾನೆಯಲ್ಲಿ ಮಾಡುತ್ತೀರೋ, ನೂರು ಗ್ರಾಂಗೆ ಎಷ್ಟು ಕ್ಯಾಲೊರಿ, ರಂಜಕ ಎಷ್ಟು ಎಂದು ಕೇಳಿದ್ದೆ. ಒಂದು ಕಂಪನಿಯಿಂದ ಮೂರೇ ದಿನದಲ್ಲಿ ಅಂಕಿ ಸಮೇತ ಉತ್ತರ ಬಂತು. ಇನ್ನೊಂದರಿಂದ ಮಾಂಸ ಎಷ್ಟು ತಾಜಾ ಎಂಬ ವರ್ಣನೆ ಬಂತು, ಒಂದು ಪ್ರಶ್ನೆಗೂ ಉತ್ತರ ಇರಲಿಲ್ಲ. ಮೊದಲನೆಯದನ್ನು ಆರಿಸಿದೆ. ಅದು ತೂಕ ಇಳಿಸಬೇಕಾದ ನಾಯಿಗಳಿಗೆಂದು ಮಾಡಿದ ಆಹಾರ: ನಾರು ಹೆಚ್ಚು, ಪ್ರೋಟೀನ್ ಹೆಚ್ಚು, 100 ಗ್ರಾಂಗೆ 320 ಕಿಲೊಕ್ಯಾಲೊರಿ. ಹಳೆಯದರಲ್ಲಿ 390 ಇತ್ತು. ಸಾಮಾನ್ಯ ಆಹಾರವನ್ನೇ ತೀರಾ ಕಡಿಮೆ ಮಾಡಿ ಹಾಕಿದರೆ ಕ್ಯಾಲೊರಿಯ ಜೊತೆ ಪ್ರೋಟೀನ್, ವಿಟಮಿನ್, ಖನಿಜಗಳೂ ಕಡಿಮೆಯಾಗುತ್ತವೆ. ಅದಕ್ಕೇ ಈ ಬಗೆಯದು ಬೇಕಾಯಿತು.

ಹತ್ತು ದಿನ ಹಳೆಯದರ ಜೊತೆ ಬೆರೆಸಿ, ಕಾಲು ಪಾಲು, ಅರ್ಧ, ಮುಕ್ಕಾಲು ಎಂದು ಏರಿಸುತ್ತಾ ಹೋದೆ. ಒಂದು ದಿನವೂ ಹೊಟ್ಟೆ ಕೆಡಲಿಲ್ಲ.

ಈಗ ಬಟ್ಟಲಿನ ಮಾತಿಗೆ ಬರುತ್ತೇನೆ. ಮನೆಯಲ್ಲಿ ಅಪ್ಪ, ತಂಗಿ, ನಾನು, ಮೂವರೂ ಚುಕ್ಕಿಗೆ ಊಟ ಹಾಕುತ್ತಿದ್ದೆವು. ಅಳತೆಗೆ ಒಂದೇ ಪ್ಲಾಸ್ಟಿಕ್ ಕಪ್. ಒಂದು ಸಂಜೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ಮೇಜಿನ ಮೇಲಿಟ್ಟು, ಮೂವರೂ ಎಂದಿನಂತೆ ಒಂದೊಂದು ಕಪ್ ತುಂಬಿ ಸುರಿಯೋಣ ಎಂದೆ. ನನ್ನದು 104 ಗ್ರಾಂ. ತಂಗಿಯದು 118. ಅಪ್ಪನದು 131, ಏಕೆಂದರೆ ಅವರು ಕಪ್ಪನ್ನು ಎರಡು ಸಲ ಕುಟ್ಟಿ, ಮೇಲೆ ಗೋಪುರದಂತೆ ನಿಲ್ಲಿಸುತ್ತಿದ್ದರು. ನನ್ನ ಕಪ್ಪಿಗೂ ಅವರ ಕಪ್ಪಿಗೂ 27 ಗ್ರಾಂ, ಎಂದರೆ ಆಗಿನ ಆಹಾರದಲ್ಲಿ 105 ಕಿಲೊಕ್ಯಾಲೊರಿ ವ್ಯತ್ಯಾಸ. ದಿನಕ್ಕೆ ಮೂರು ಕಪ್. ಚುಕ್ಕಿ ತಕ್ಕಡಿಯ ಅಂಚಿಗೆ ಗಲ್ಲ ಇಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದಳು. ‘ಇಷ್ಟು ದಿನ ಪ್ರೀತಿಯಿಂದ ಹಾಕಿದ್ದೇ ಅವಳ ಮೊಣಕಾಲಿಗೆ ಭಾರವಾಯಿತೇನಮ್ಮಾ’ ಎಂದು ಅಪ್ಪ ಕೇಳಿದ ಧ್ವನಿ ನನಗೆ ಇನ್ನೂ ನೆನಪಿದೆ. ಅವತ್ತಿನಿಂದ ಆ ಪ್ಲಾಸ್ಟಿಕ್ ಕಪ್ ಗಿಡಗಳಿಗೆ ನೀರು ಹಾಕಲು ಹೋಯಿತು.

ವೈದ್ಯರು ಬಳಸುವ ಸೂತ್ರ ಹೀಗಿದೆ: ಕೆ.ಜಿ.ಯಲ್ಲಿರುವ ತೂಕವನ್ನು 0.75ರ ಘಾತಕ್ಕೇರಿಸಿ 70ರಿಂದ ಗುಣಿಸಿದರೆ ವಿಶ್ರಾಂತಿಯಲ್ಲಿರುವ ನಾಯಿಗೆ ಒಂದು ದಿನಕ್ಕೆ ಬೇಕಾದ ಕಿಲೊಕ್ಯಾಲೊರಿ ಸಿಗುತ್ತದೆ. ತೂಕ ಇಳಿಸಲು ಈಗಿನ ತೂಕವನ್ನಲ್ಲ, ಇರಬೇಕಾದ ತೂಕವನ್ನು ಹಾಕಬೇಕು. 28 ಕೆ.ಜಿ.ಗೆ ಸುಮಾರು 850 ಬಂತು. ಅದರಲ್ಲಿ ಶೇ. 10, ಅಂದರೆ 85, ಟ್ರೀಟ್‌ಗಳಿಗೆ. ಉಳಿದದ್ದಕ್ಕೆ 240 ಗ್ರಾಂ ಆಹಾರ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಆರು ಕೆ.ಜಿ. ಇಳಿಯಲು ಐದೂವರೆ ತಿಂಗಳು ಹಿಡಿಯಿತು. ಆಮೇಲೆ ಸ್ವಲ್ಪ ಸ್ವಲ್ಪವೇ ಏರಿಸಿ 300 ಗ್ರಾಂಗೆ ನಿಲ್ಲಿಸಿದೆ. ಚೀಲದ ಮೇಲಿನ ಕೋಷ್ಟಕ ಅವಳಿಗೆ ಇದಕ್ಕಿಂತ ಹೆಚ್ಚು ಹೇಳುತ್ತದೆ. ಕೋಷ್ಟಕವಾಗಲಿ ಸೂತ್ರವಾಗಲಿ ಆರಂಭಕ್ಕೆ ಮಾತ್ರ, ಆಮೇಲೆ ನಾಯಿಯ ಮೈಯನ್ನೇ ನೋಡಬೇಕು.

ಮೈ ನೋಡುವುದನ್ನೂ ವೈದ್ಯೆ ಕೈಹಿಡಿದು ಕಲಿಸಿದರು. ಒಂದು ಕೈಯನ್ನು ಚಾಚಿ, ಬೆರಳಿನ ಗೆಣ್ಣುಗಳ ಹಿಂದೆ ಕೈಯ ಮೇಲ್ಭಾಗವನ್ನು ಇನ್ನೊಂದು ಕೈಯಿಂದ ಸವರಿ. ಮೂಳೆ ತೆಳುವಾದ ಹೊದಿಕೆಯ ಕೆಳಗೆ ತಿಳಿಯುತ್ತದಲ್ಲ, ಪಕ್ಕೆಲುಬು ಹಾಗೆ ಸಿಗಬೇಕು. ಅಂಗೈಯಂತೆ ಮೆತ್ತಗಿದ್ದರೆ ಕೊಬ್ಬು ಹೆಚ್ಚಿದೆ, ಮುಷ್ಟಿಯ ಗೆಣ್ಣಿನಂತೆ ಚುಚ್ಚಿದರೆ ಸೊರಗಿದೆ. ಪ್ರತಿ ಭಾನುವಾರ ಸವರಿ ನೋಡುತ್ತೇನೆ.

ಇದು ಕೇವಲ ಅಂದದ ಮಾತಲ್ಲ. 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ. 25 ಕಡಿಮೆ ಆಹಾರ ಹಾಕಿ, ಬದುಕಿನುದ್ದಕ್ಕೂ ಗಮನಿಸಿದ ಪ್ಯುರಿನಾ ಕಂಪನಿಯ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಕಡಿಮೆ ತಿಂದವುಗಳ ಮಧ್ಯಾಂಕ ಆಯಸ್ಸು 13 ವರ್ಷ, ಉಳಿದವುಗಳದ್ದು 11.2. ಸಂಧಿವಾತವೂ ತಡವಾಗಿ ಬಂತು. ಯಾವ ಪೂರಕದ ಡಬ್ಬಿಯೂ ನನಗೆ ಇಷ್ಟನ್ನು ಕೊಡಲಾರದು. ಲ್ಯಾಬ್ರಡಾರ್ ಸಾಕಿದವರಿಗೆ ಇನ್ನೊಂದು ಮಾತು: ಈ ತಳಿಯಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಪಿಒಎಂಸಿ ಎಂಬ ಜೀನಿನಲ್ಲಿ ಬದಲಾವಣೆ ಇದ್ದು, ಹಸಿವು ಸಾಮಾನ್ಯಕ್ಕಿಂತ ಹೆಚ್ಚು ಕಾಡುತ್ತದೆ. ಅವಳು ಬೇಡುವ ಕಣ್ಣು ನಾಟಕವಲ್ಲ, ಹಸಿವೇ ಇರಬಹುದು. ಇದು ಗೊತ್ತಾದ ಮೇಲೆ ನಾನು ಅವಳನ್ನು ಗದರುವುದನ್ನು ಬಿಟ್ಟೆ. ನಿಧಾನವಾಗಿ ತಿನ್ನುವಂತೆ ಉಬ್ಬುತಗ್ಗಿನ ಬಟ್ಟಲನ್ನು ತಂದೆ. ಎರಡು ನಿಮಿಷದಲ್ಲಿ ಮುಗಿಯುತ್ತಿದ್ದ ಊಟ ಈಗ ಹನ್ನೆರಡು ನಿಮಿಷ ಹಿಡಿಯುತ್ತದೆ.

ಪೂರಕಗಳಲ್ಲಿ ಮೊದಲು ತಂದದ್ದು ಕೀಲಿಗೆಂದು ಗ್ಲೂಕೋಸಮೈನ್ ಇರುವ ಅಗಿಯುವ ಗುಳಿಗೆ. ಎಂಟು ತಿಂಗಳು ಬಿಡದೆ ಕೊಟ್ಟೆ. ಪ್ರತಿ ತಿಂಗಳ ಮೊದಲ ದಿನ ಬೆಳಿಗ್ಗೆ ಅವಳು ಮಲಗಿದಲ್ಲಿಂದ ಏಳುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳುತ್ತಿದ್ದೆ. ಮೊದಲ ತಿಂಗಳ ಮತ್ತು ಎಂಟನೆಯ ತಿಂಗಳ ಚಿತ್ರಗಳಲ್ಲಿ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಇದರ ಪರ ಸಾಕ್ಷ್ಯ ದುರ್ಬಲ ಎಂದು ವೈದ್ಯೆ ಮೊದಲೇ ಹೇಳಿದ್ದರು. ನಿಲ್ಲಿಸಿದೆ.

ಮೀನೆಣ್ಣೆ ಉಳಿಯಿತು. ಅದರ ಇಪಿಎ, ಡಿಎಚ್‌ಎ ಎಂಬ ಕೊಬ್ಬಿನಾಮ್ಲಗಳು ಕೀಲಿನ ಉರಿಯೂತಕ್ಕೆ ಉಪಯುಕ್ತ ಎಂಬುದಕ್ಕೆ ಹೆಚ್ಚು ಗಟ್ಟಿಯಾದ ಆಧಾರವಿದೆ. ಬಾಟಲಿಯ ಮೇಲೆ ‘ಮೀನೆಣ್ಣೆ 1000 ಮಿ.ಗ್ರಾಂ’ ಎಂದಿದ್ದರೆ ಅದಷ್ಟೂ ಇಪಿಎ, ಡಿಎಚ್‌ಎ ಅಲ್ಲ. ಅವೆರಡರ ಪ್ರಮಾಣವನ್ನು ಬೇರೆಯಾಗಿ ನೋಡಿ, ವೈದ್ಯರಿಂದಲೇ ಅಳತೆ ಬರೆಸಿಕೊಳ್ಳಬೇಕು. ಹೆಚ್ಚಾದರೆ ಭೇದಿಯಾಗುತ್ತದೆ, ರಕ್ತ ಹೆಪ್ಪುಗಟ್ಟುವುದಕ್ಕೂ ತೊಡಕಾಗಬಹುದು. ಮಿತವ್ಯಯ ಎಂದು ಒಮ್ಮೆ ದೊಡ್ಡ ಬಾಟಲಿ ತಂದಿದ್ದೆ. ಮೂರನೆಯ ತಿಂಗಳು, ಏನು ಹಾಕಿದರೂ ತಿನ್ನುವ ಚುಕ್ಕಿ ಬಟ್ಟಲಿನಿಂದ ಮುಖ ತಿರುಗಿಸಿ ನನ್ನ ಪಾದದ ಬಳಿ ಕುಳಿತಳು. ಮುಚ್ಚಳ ತೆಗೆದು ಮೂಸಿದರೆ ಹಳೆಯ ಬಣ್ಣದ ಡಬ್ಬಿಯ ವಾಸನೆ. ಎಣ್ಣೆ ಕಮಟಿತ್ತು. ಈಗ ಚಿಕ್ಕ, ಗಾಢ ಬಣ್ಣದ ಬಾಟಲಿಯನ್ನು ತಂದು ಫ್ರಿಜ್‌ನಲ್ಲಿ ಇಡುತ್ತೇನೆ, ತೆರೆದ ದಿನಾಂಕವನ್ನು ಮೇಲೆ ಬರೆಯುತ್ತೇನೆ. ಎಣ್ಣೆಯ ಒಂದು ಗ್ರಾಂಗೆ 9 ಕಿಲೊಕ್ಯಾಲೊರಿ, ಅದೂ ದಿನದ ಲೆಕ್ಕಕ್ಕೆ ಸೇರುತ್ತದೆ.

ಬಹುವಿಟಮಿನ್, ಕ್ಯಾಲ್ಸಿಯಂ ಪುಡಿಗಳ ವಿಷಯದಲ್ಲಿ ನನ್ನ ನಿಲುವು ಗಟ್ಟಿ: ಸಂಪೂರ್ಣ ಆಹಾರ ತಿನ್ನುವ ಆರೋಗ್ಯವಂತ ನಾಯಿಗೆ ಬೇಡ. ಚುಕ್ಕಿ ಮೂರು ತಿಂಗಳ ಮರಿಯಾಗಿದ್ದಾಗ ಮೂಳೆ ಗಟ್ಟಿಯಾಗಲಿ ಎಂದು ನಾನೇ ಕ್ಯಾಲ್ಸಿಯಂ ಬೆರೆಸುತ್ತಿದ್ದೆ. ಆ ವಯಸ್ಸಿನ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ತಡೆಯುವ ಶಕ್ತಿ ಇರುವುದಿಲ್ಲ, ದೊಡ್ಡ ತಳಿಗಳಲ್ಲಿ ಅದರಿಂದಲೇ ಮೂಳೆ ಬೆಳವಣಿಗೆ ಕೆಡುತ್ತದೆ ಎಂದು ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ. ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವಂಥದ್ದು. ಹೆಚ್ಚಾದರೆ ಮೂತ್ರದಲ್ಲಿ ಹೋಗಿಬಿಡುವುದಿಲ್ಲ, ಮೂತ್ರಪಿಂಡಕ್ಕೇ ಹಾನಿ.

ಟ್ರೀಟ್‌ಗಳಲ್ಲಿ ಹಲ್ಲು ಸ್ವಚ್ಛಗೊಳಿಸುವ ಕಡ್ಡಿಗೆ ಅರ್ಧ ಅಂಕ. ಪಶುದಂತ ಆರೋಗ್ಯ ಮಂಡಳಿಯಾದ ವಿಒಎಚ್‌ಸಿಯ ಮುದ್ರೆ ಇರುವುದನ್ನು ಆರಿಸಿದೆ, ಹಲ್ಲಿನ ಕಿಟ್ಟ ಕಡಿಮೆಯಾದದ್ದೂ ನಿಜ. ಆದರೆ ಅವಳ ಗಾತ್ರದ ನಾಯಿಯ ಒಂದೇ ಕಡ್ಡಿ ಇಡೀ ದಿನದ ಟ್ರೀಟ್ ಪಾಲನ್ನು ನುಂಗುತ್ತದೆ. ಹಾಗಾಗಿ ವಾರಕ್ಕೆ ಎರಡು, ಉಳಿದ ದಿನ ಬ್ರಷ್. ಗಟ್ಟಿಯಾದ ಚರ್ಮದ ಕಡ್ಡಿಗಳನ್ನು ಒಮ್ಮೆ ತುಂಡು ಗಂಟಲಿಗೆ ಸಿಕ್ಕಿದ ಮೇಲೆ ಮನೆಯೊಳಗೆ ಬಿಟ್ಟಿಲ್ಲ. ಬೇಯಿಸಿದ ಮೂಳೆಯನ್ನೂ ಅಷ್ಟೇ, ಅದು ಚೂಪಾಗಿ ಸೀಳುತ್ತದೆ. ತರಬೇತಿಗೆ ಕ್ಯಾರೆಟ್ ಮತ್ತು ಸೌತೆಕಾಯಿಯ ಸಣ್ಣ ತುಂಡು ಸಾಕು. ದಿನದ 300 ಗ್ರಾಂನಿಂದಲೇ ಒಂದು ಹಿಡಿ ತೆಗೆದು ಜೇಬಿಗೆ ಹಾಕಿಕೊಂಡರೂ ನಡೆಯುತ್ತದೆ. ಕೈಯಿಂದ ಬಂದದ್ದೆಲ್ಲ ಅವಳಿಗೆ ಟ್ರೀಟೇ.

ಕಡಲೆಕಾಯಿ ಬೆಣ್ಣೆ ಕೊಡುವವರು ಪದಾರ್ಥಗಳ ಪಟ್ಟಿಯಲ್ಲಿ ಕ್ಸೈಲಿಟಾಲ್ ಇದೆಯೇ ಎಂದು ನೋಡಲೇಬೇಕು. ಆ ಸಿಹಿಕಾರಕ ಸ್ವಲ್ಪವೇ ಹೊಟ್ಟೆಗೆ ಹೋದರೂ ನಾಯಿಯ ರಕ್ತದ ಸಕ್ಕರೆ ಕುಸಿಯುತ್ತದೆ, ಯಕೃತ್ತೂ ಕೆಡಬಹುದು. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ಮಕಡೇಮಿಯಾ ಬೀಜ ಇವುಗಳನ್ನು ಫ್ರಿಜ್ ಬಾಗಿಲಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೇವೆ. ಮನೆಗೆ ಬಂದವರು ಅವಳ ಕಣ್ಣಿಗೆ ಸೋಲುವುದು ನಮಗಿಂತ ಬೇಗ.

ಆಹಾರದ ಬಗ್ಗೆ ದೂರುಗಳೂ ಇವೆ. ಚೀಲದ ಜಿಪ್ ಎರಡೇ ವಾರದಲ್ಲಿ ಬಿಟ್ಟುಕೊಳ್ಳುತ್ತದೆ. ನಾರು ಹೆಚ್ಚಿರುವುದರಿಂದ ಮಲದ ಪ್ರಮಾಣ ಹೆಚ್ಚು, ವಾಯುವಿಹಾರಕ್ಕೆ ಒಂದು ಚೀಲ ಹೆಚ್ಚಿಗೆ ಬೇಕು. ನಾಲ್ಕನೆಯ ವರ್ಷ ಪದಾರ್ಥಗಳ ಕ್ರಮ ಬದಲಾಯಿತು. ಮುಂಬದಿಯಲ್ಲಿ ಒಂದು ಸೂಚನೆಯೂ ಇರಲಿಲ್ಲ. ನಾನು ಹಿಂಬದಿ ಓದುವವಳಾದ್ದರಿಂದ ಗಮನಿಸಿ, ಪತ್ರ ಬರೆದು, ಹೊಸ ಅಂಕಿಗಳನ್ನು ತರಿಸಿಕೊಂಡೆ. ಹೇಳದೆ ಬದಲಿಸಿದ್ದು ನನಗೆ ಇವತ್ತಿಗೂ ಬೇಸರ.

ಹೊಸ ಚೀಲ ನಿನ್ನೆ ಬಂದಿದೆ. ಡಬ್ಬಕ್ಕೆ ಸುರಿಯದೆ ಚೀಲದ ಸಮೇತ ಡಬ್ಬದೊಳಗೆ ಇಟ್ಟು, ತಯಾರಿಕಾ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕದ ಚಿತ್ರ ತೆಗೆದುಕೊಂಡಿದ್ದೇನೆ. ಕಂಪನಿ ಯಾವುದಾದರೂ ಬ್ಯಾಚನ್ನು ವಾಪಸ್ ಪಡೆದರೆ ಆ ಸಂಖ್ಯೆ ಬೇಕಾಗುತ್ತದೆ. ಮುಂದಿನ ತಿಂಗಳು ಚುಕ್ಕಿಯ ರಕ್ತಪರೀಕ್ಷೆ ಇದೆ. ಮೂತ್ರಪಿಂಡದ ಅಂಕಿಗಳು ಸರಿಯಾಗಿದ್ದರೆ ಇದೇ ಆಹಾರ, ಇದೇ 300 ಗ್ರಾಂ ಮುಂದುವರಿಯುತ್ತದೆ. ಬೆಳಿಗ್ಗೆಯ 150 ಗ್ರಾಂ ಈಗ ಅಪ್ಪನೇ ತೂಗುತ್ತಾರೆ, ಒಂದು ಕಾಳು ಹೆಚ್ಚಾದರೂ ಕನ್ನಡಕ ಸರಿಮಾಡಿಕೊಂಡು ತೆಗೆದಿಡುತ್ತಾರೆ.