ನಂಗ್ ಮೀನು ಹಿಡಿಯಲು ದಡ ಒಳ್ಳೇದಾ, ದೋಣಿ ಒಳ್ಳೇದಾ?

ನಂಗ್ ಮೀನು ಕಾಣದವರಿಗೆ ಮೊದಲು ಒಂದು ಮಾತು. ನಾಲಿಗೆಯ ಹಾಗೆ ಚಪ್ಪಟೆ, ಗೇಣುದ್ದ ಆಗುವುದೂ ಅಪರೂಪ. ಕಣ್ಣು ಎರಡೂ ಎಡಮಗ್ಗುಲಲ್ಲೇ. ಮರಿಯಾಗಿದ್ದಾಗ ಎಲ್ಲ ಮೀನುಗಳ ಹಾಗೆ ಆಚೆಗೊಂದು ಈಚೆಗೊಂದು ಇರುತ್ತದೆ. ಬೆಳೀತಾ ಬೆಳೀತಾ ಬಲಗಣ್ಣು ತಲೆ ದಾಟಿ ಎಡಕ್ಕೆ ಬಂದು ಕೂರುತ್ತದೆ. ಆಮೇಲೆ ಕೆಸರಿನಲ್ಲಿ ಒಂದೇ ಮಗ್ಗುಲಾಗಿ ಮಲಗುವುದೇ ಜೀವನ. ಕೊಂಕಣಿಯವರಿಗೆ ಇದು ಲೆಪ್ಪೊ, ಪುಸ್ತಕದಲ್ಲಿ ಮಲಬಾರ್ ಸೋಲ್.

ನನ್ನ ಹೆಂಡತಿಯ ಮನೆ ಉಡುಪಿ ಹತ್ತಿರದ ಕೋಡಿ ಬೆಂಗ್ರೆಯಲ್ಲಿ. ಮನೆ ಮುಂದೆ ಸಮುದ್ರ, ಹಿತ್ತಲ ಕಡೆ ಹೊಳೆ, ನಡುವೆ ಒಂದು ಪಟ್ಟಿ ಮರಳು. ಮೀನು ಹಿಡಿಯುವ ಹುಚ್ಚಿರುವ ಅಳಿಯನಿಗೆ ಇನ್ನೇನು ಬೇಕು? ಎರಡು ವರ್ಷದ ರಜೆಗಳಲ್ಲಿ ಮೂರು ದಾರಿ ನೋಡಿದೆ: ದಡದಿಂದ ಗಾಳ, ದಡದಿಂದಲೇ ಜನ ಸೇರಿ ಎಳೆಯುವ ಕೈರಂಪಣಿ ಬಲೆ, ಮತ್ತೆ ಭಾವನ ನಾಡದೋಣಿ.

ಗಾಳದ ಕಥೆ ಬೇಗ ಮುಗಿಸುತ್ತೇನೆ. ಬೆಂಗಳೂರಿನಿಂದ ಹೊಸ ರಾಡು, ರೀಲು ಹೊತ್ತುಕೊಂಡು ಹೋಗಿದ್ದೆ. ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ, ಇಳಿತ ಮುಗಿದು ಭರತ ಶುರುವಾಗುವ ಹೊತ್ತಿಗೆ, ಸಿಗಡಿ ತುಂಡು ಕಟ್ಟಿ ಸೀಸ ತಳಕ್ಕೆ ಬಿಟ್ಟು ಕೂರುವುದು. ಆರು ಸಂಜೆ ಕೂತೆ. ಕಾನೆ ಸಿಕ್ಕಿತು, ಏಡಿ ಸಿಕ್ಕಿತು, ನಂಗ್ ಸಿಕ್ಕಿದ್ದು ಒಂದೇ ಒಂದು. ತಪ್ಪು ಗಾಳದ್ದಲ್ಲ. ನಂಗ್‌ನ ಬಾಯಿ ಚಿಕ್ಕದು, ಸೊಟ್ಟ, ತಲೆಯ ಕೆಳಗಡೆ ಬಾಗಿರುತ್ತದೆ. ಕೆಸರಿನ ಹುಳ ಹೆಕ್ಕಿ ತಿನ್ನಲು ಆದ ಬಾಯಿ ಅದು. ನನ್ನ ಕೊಕ್ಕೆ ಅದರ ಇಡೀ ತಲೆಯಷ್ಟಿತ್ತು. ಅತ್ತೆ ಆ ಒಂದನ್ನು ಬಹಳ ಮರ್ಯಾದೆಯಿಂದ ಹುರಿದು ನನ್ನ ಎಲೆಗೇ ಹಾಕಿದರು. ಉಳಿದವರಿಗೆಲ್ಲ ಮಾರ್ಕೆಟ್ಟಿನ ಬಂಗುಡೆ.

ಕೈರಂಪಣಿ ಬೇರೆಯೇ ಲೋಕ. ಹಳೆಯ ದೊಡ್ಡ ರಂಪಣಿಯ ಚಿಕ್ಕ ತಮ್ಮ ಎನ್ನಿ. ದೊಡ್ಡದು 1970ರ ದಶಕದಲ್ಲಿ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟು ಬಂದ ಮೇಲೆ ಮೂಲೆ ಸೇರಿತು, ಚಿಕ್ಕದು ಉಳಿದಿದೆ. ಹಗ್ಗದ ಒಂದು ತುದಿ ದಡದಲ್ಲಿ. ದೋಣಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಡುತ್ತಾ ಹೋಗಿ ಇನ್ನೊಂದು ತುದಿಯನ್ನು ದಡಕ್ಕೆ ತರುತ್ತದೆ. ಆಮೇಲೆ ಎರಡೂ ಕಡೆ ಜನ ನಿಂತು ಎಳೆಯುವುದು. ನಾನು ಸೆಪ್ಟೆಂಬರಿನ ಒಂದು ಬೆಳಿಗ್ಗೆ ಸುಮ್ನೆ ನೋಡಲು ಹೋದವನು. "ನಿಂತು ನೋಡುದೆಂತ, ಹಗ್ಗ ಹಿಡೀರಿ ಮಾರಾಯ್ರೆ" ಅಂದರು. ಹಿಡಿದೆ.

ನಂಗ್ ಹಿಡಿಯುವುದರಲ್ಲಿ ಇರುವ ಗುಟ್ಟು ಅಲ್ಲಿ ಕಣ್ಣಿಗೆ ಬಿತ್ತು. ಬಲೆಯ ಮೇಲಂಚಿಗೆ ಬೆಂಡು, ಕೆಳಅಂಚಿಗೆ ಸೀಸದ ಗುಂಡು. ಬೂತಾಯಿ, ಬಂಗುಡೆ ಬಲೆ ಕಂಡರೆ ಓಡುತ್ತವೆ. ನಂಗ್ ಓಡುವುದಿಲ್ಲ, ಮರಳಿಗೆ ಅಂಟಿಕೊಂಡು ಮಲಗುತ್ತದೆ. ಕೆಳಗಿನ ಹಗ್ಗ ನಾಲ್ಕು ಬೆರಳು ಎತ್ತರ ಎದ್ದರೂ ಸಾಕು, ಬಲೆ ಮೇಲೆ ಹೋಗುತ್ತದೆ, ಮೀನು ಕೆಳಗೇ ಉಳಿಯುತ್ತದೆ. ಅದಕ್ಕೇ ಸೊಂಟದ ನೀರಿಗೆ ಬಂದ ಮೇಲೆ ಇಬ್ಬರು ಒಳಗೆ ನಿಂತು ಹಗ್ಗವನ್ನು ಕಾಲಿನಿಂದ ತುಳಿಯುತ್ತಾ ಬರುತ್ತಿದ್ದರು. ನಾನೂ ಇಳಿದೆ. ಅಂಗಾಲಿನ ಕೆಳಗೆ ಏನೋ ಒದ್ದೆ ಚರ್ಮದ ಚಪ್ಪಲಿ ನುಲಿದ ಹಾಗಾಯಿತು. ನಂಗ್! ಕಿರುಚಿದ್ದು ನಾನೇ. ದಡದಲ್ಲಿದ್ದವರೆಲ್ಲ ನಕ್ಕರು.

ಎಳೆಯಲು ಸುಮಾರು ಒಂದೂವರೆ ಗಂಟೆ, ಅಂಗೈಯಲ್ಲಿ ಎರಡು ಗುಳ್ಳೆ. ಪಾಲು ಹಾಕುವಾಗ ನನಗೂ ಒಂದು ತೊಟ್ಟೆ ಕೊಟ್ಟರು, ಎಣಿಸಿದರೆ ಮೂವತ್ತೆರಡು ನಂಗ್. ಖರ್ಚು ಸೊನ್ನೆ.

ಇನ್ನು ದೋಣಿ. ಭಾವನದ್ದು ಫೈಬರ್ ದೋಣಿ, ಔಟ್‌ಬೋರ್ಡ್ ಇಂಜಿನ್. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಆಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ಆ ಹೊಗೆಯ ವಾಸನೆಗೇ ನನ್ನ ಹೊಟ್ಟೆ ಅರ್ಧ ತೊಳೆಸಿತ್ತು, ಅಳಿವೆ ದಾಟುವಾಗಿನ ಮೂರು ಅಲೆ ಉಳಿದರ್ಧ ಮುಗಿಸಿದವು. ಎಂಟು ಮಾರು ಆಳದಲ್ಲಿ ತಳಕ್ಕೆ ಕೂರುವ ಬಲೆ ಬಿಟ್ಟು ಎರಡು ಗಂಟೆ ಕಾಯುವುದು. ಕಾಯುವಷ್ಟು ಹೊತ್ತೂ ನಾನು ದೋಣಿಯ ಅಂಚಿಗೆ ತಲೆ ಇಟ್ಟು ಮಲಗಿದ್ದೆ. "ನಂಗ್ ಹಿಡಿಲಿಕ್ಕೆ ಬಂದು ನೀವೇ ನಂಗ್ ಆದ್ರಲ್ಲ ಭಾವ" ಅಂದ.

ಆದರೆ ಮೀನು? ಮೊದಲ ಸಲವೇ ಒಂದು ಬುಟ್ಟಿ. ಬಿಡಿಸುವುದು ಮಾತ್ರ ಬೇಸರದ ಕೆಲಸ. ಲೋಳೆಗೆ ಕೈ ಜಾರುತ್ತದೆ, ನಡುನಡುವೆ ಏಡಿ ಸಿಕ್ಕಿಕೊಂಡು ಬಲೆ ಗಂಟುಗಂಟು. ಸೀಮೆಎಣ್ಣೆ, ಐಸು ಲೆಕ್ಕ ಹಾಕಿದರೆ ಮನೆಗೆ ತಿನ್ನಲೆಂದು ಹೋಗುವವನಿಗೆ ಇದು ನಷ್ಟದ ಬಾಬತ್ತು.

ಎರಡನೇ ವರ್ಷ ನಾನು ಹೋದದ್ದು ಡಿಸೆಂಬರಿನಲ್ಲಿ. ಅದೇ ದಡ, ಅದೇ ಕೈರಂಪಣಿ, ಅದೇ ಜನ. ಬಲೆಯಲ್ಲಿ ನಂಗ್ ನಾಲ್ಕು! ಭಾವ ಹೇಳಿದ್ದು ಆಗ ತಲೆಗೆ ಹೋಯಿತು. ಮಳೆಗಾಲದಲ್ಲಿ ಆಳದ ತಣ್ಣನೆ ನೀರು ಮೇಲೆ ಬರುತ್ತದೆ, ಅದರಲ್ಲಿ ಆಮ್ಲಜನಕ ಕಡಿಮೆ. ತಳದಲ್ಲಿ ಬದುಕುವ ನಂಗ್ ದಡದ ಕಡೆ ಸರಿಯುತ್ತದೆ. ಅದಕ್ಕೇ ಮಳೆ ಬಿಟ್ಟ ತಿಂಗಳುಗಳಲ್ಲಿ ರಾಶಿರಾಶಿ. ನೀರು ತಿಳಿಯಾದ ಮೇಲೆ ಮತ್ತೆ ಆಳಕ್ಕೆ. ಡಿಸೆಂಬರಿನಲ್ಲಿ ಭಾವ ಇನ್ನೂ ಹೊರಗೆ, ಹದಿನೈದು ಮಾರಿನ ತನಕ ಹೋಗಿ ಅರ್ಧ ಬುಟ್ಟಿ ತಂದ. ನಾನು ಜೊತೆಗೆ ಹೋಗಲಿಲ್ಲ, ದಡದಲ್ಲಿ ಕೂತು ಕಾದೆ.

ಹಾಗಾಗಿ ಯಾರಾದರೂ ಕೇಳಿದರೆ ನಾನು ತಿಂಗಳು ಕೇಳುತ್ತೇನೆ. ಸೆಪ್ಟೆಂಬರ್, ಅಕ್ಟೋಬರ್ ಆದರೆ ದೋಣಿ ಯಾಕೆ ಸ್ವಾಮಿ? ಮೀನೇ ಮನೆ ಬಾಗಿಲಿಗೆ ಬಂದಿರುತ್ತದೆ, ಹಗ್ಗ ಹಿಡಿಯಿರಿ. ಆಮೇಲಾದರೆ ದೋಣಿಯೇ ಗತಿ. ಅಳಿವೆ ದಾಟುವಾಗ ಲೈಫ್ ಜಾಕೆಟ್ ಹಾಕಿ, ಬೆಳಿಗ್ಗೆ ಜಾಸ್ತಿ ತಿನ್ನಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಹೇಗೂ ನಿಷೇಧ, ಆಗ ಒಣ ನಂಗ್ ತಿನ್ನಿ.

ರುಚಿಯಲ್ಲೂ ದಡದ್ದಕ್ಕೇ ನನ್ನ ಓಟು. ಐಸು ಕಾಣದ ನಂಗ್‌ನ ಸಿಪ್ಪೆ ತೆಗೆಯುವುದೇ ಒಂದು ಸುಖ. ಅತ್ತೆ ಬೆರಳಿಗೆ ಬೂದಿ ಹಚ್ಚಿಕೊಂಡು ತಲೆಯ ಹತ್ತಿರ ಸ್ವಲ್ಪ ಎಬ್ಬಿಸುತ್ತಾರೆ, ಆಮೇಲೆ ಬಾಲದ ತನಕ ಒಂದೇ ಎಳೆತ. ಕಾಲುಚೀಲ ಕಳಚಿದ ಹಾಗೆ ಬರುತ್ತದೆ. ನಾನು ಎಳೆದದ್ದು ಮಾತ್ರ ಇವತ್ತಿಗೂ ನಡುವಲ್ಲೇ ಹರಿಯುತ್ತದೆ.