ಮೈಕ್ರೋಸಾಫ್ಟ್ ಆಫೀಸ್ ಹೊಸದಾದ ಮೇಲೆ ಸ್ಕ್ಯಾನ್ ಫೈಲ್ ತೆರೆಯುತ್ತಿಲ್ಲವೇ? ನಾಲ್ಕು ದಾರಿಗಳ ಹೋಲಿಕೆ

ಆಫೀಸ್ 2003 ಅಥವಾ 2007 ತೆಗೆದು 2010 ಇಲ್ಲವೇ ಅದಕ್ಕಿಂತ ಹೊಸದನ್ನು ಹಾಕಿದ ಮೇಲೆ ಹಳೆಯ ಸ್ಕ್ಯಾನ್‌ಗಳು ತೆರೆಯದಿದ್ದರೆ ಫೈಲ್ ಕೆಟ್ಟಿದೆ ಎಂದು ಹೆದರಬೇಕಿಲ್ಲ. ಅವನ್ನು ತೆರೆಯುತ್ತಿದ್ದ ಡಾಕ್ಯುಮೆಂಟ್ ಇಮೇಜಿಂಗ್ ಎಂಬ ಪ್ರೋಗ್ರಾಮನ್ನು ಮೈಕ್ರೋಸಾಫ್ಟ್ 2010ರ ಆವೃತ್ತಿಯಿಂದ ಕೈಬಿಟ್ಟಿದೆ. ಆಫೀಸ್ ರಿಪೇರಿ ಓಡಿಸಿದರೂ ಫಲವಿಲ್ಲ. ಅದರಲ್ಲಿ ಇಲ್ಲದ ಭಾಗ ಎಲ್ಲಿಂದ ಬಂದೀತು?

ಮೊದಲು ಫೈಲ್ ಹೆಸರಿನ ಬಾಲ ನೋಡಿ: ಟಿಫ್ (.tif, ಎಲ್ಲೆಡೆ ಬಳಕೆಯಲ್ಲಿರುವ ಚಿತ್ರ ರೂಪ) ಆದರೆ ಕೆಲಸ ಸುಲಭ, ಎಂಡಿಐ (.mdi, ಡಾಕ್ಯುಮೆಂಟ್ ಇಮೇಜಿಂಗ್‌ನ ಸ್ವಂತ ರೂಪ) ಆದರೆ ಬೇರೆಯೇ ಕಥೆ. ಎಂಡಿಐ ಎಂಬುದನ್ನು ಟಿಫ್ ಎಂದು ತಿದ್ದಿಬಿಟ್ಟರೆ ಸಾಕು ಅನ್ನುವವರಿದ್ದಾರೆ, ಅದು ನಡೆಯುವುದಿಲ್ಲ. ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿದರೆ ಕಾರಣ ಕಾಣುತ್ತದೆ: ಟಿಫ್ ಫೈಲ್ ‘ಐಐ’ ಅಥವಾ ‘ಎಂಎಂ’ ಎಂಬ ಎರಡು ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುತ್ತದೆ, ಎಂಡಿಐ ‘ಇಪಿ’ಯಿಂದ. ಒಳಗಿನ ಕಂಪ್ರೆಷನ್, ಅಂದರೆ ಗಾತ್ರ ಕುಗ್ಗಿಸುವ ವಿಧಾನವೂ ಮೈಕ್ರೋಸಾಫ್ಟ್‌ನ ಸ್ವಂತದ್ದು.

ಟಿಫ್ ಓದುವುದಷ್ಟೇ ಆಗಬೇಕಿದ್ದರೆ ವಿಂಡೋಸ್ ಫೋಟೋ ವ್ಯೂವರ್ ಸಾಕು. ಹೊಸದೇನೂ ಹಾಕಬೇಕಿಲ್ಲ. ಫೈಲ್ ಮೇಲೆ ರೈಟ್ ಕ್ಲಿಕ್, ‘ಓಪನ್ ವಿತ್’, ‘ಚೂಸ್ ಅನದರ್ ಆ್ಯಪ್’. ಅಲ್ಲಿ ವ್ಯೂವರ್ ಆರಿಸಿ ‘ಆಲ್ವೇಸ್’ ಕೊಡಿ. ಹಲವು ಪುಟಗಳಿದ್ದರೂ ತಿರುವಿ ನೋಡಬಹುದು. ಒಂದು ಎಚ್ಚರ: ಇದರಲ್ಲಿ ಚಿತ್ರ ತಿರುಗಿಸಿದರೆ ಆ ಬದಲಾವಣೆ ಮೂಲ ಫೈಲಿಗೇ ಬರೆಯಲ್ಪಡುತ್ತದೆ.

ಇರ್ಫಾನ್‌ವ್ಯೂ ಎಂಬ ಚಿತ್ರ ನೋಡುವ ಪ್ರೋಗ್ರಾಮ್ ಇದಕ್ಕಿಂತ ಚುರುಕು. ‘ಆಪ್ಷನ್ಸ್’ ಮೆನುವಿನ ‘ಮಲ್ಟಿಪೇಜ್ ಇಮೇಜಸ್’ನಿಂದ ಪುಟಗಳನ್ನು ಬಿಡಿಬಿಡಿಯಾಗಿ ತೆಗೆಯಬಹುದು, ಬಿಡಿ ಚಿತ್ರಗಳನ್ನು ಒಂದೇ ಟಿಫ್ ಆಗಿ ಸೇರಿಸಲೂಬಹುದು. ದಿನಾ ಸ್ಕ್ಯಾನ್ ಜೊತೆ ಒದ್ದಾಡುವವರಿಗೆ ನನ್ನ ಮತ ಇದಕ್ಕೇ. ಉಚಿತವೆಂಬುದು ಮನೆ, ಶಿಕ್ಷಣದಂಥ ವ್ಯಾಪಾರೇತರ ಬಳಕೆಗೆ ಮಾತ್ರ, ವ್ಯಾಪಾರದ ಕಚೇರಿಗೆ ಲೈಸೆನ್ಸ್ ಕೊಳ್ಳಬೇಕು.

ಪೇಂಟ್ ಬಗ್ಗೆ ಒಂದೇ ಮಾತು: ಮುಟ್ಟಬೇಡಿ. ಹತ್ತು ಪುಟದ ಟಿಫ್‌ನಲ್ಲಿ ಅದು ಮೊದಲನೆಯದನ್ನಷ್ಟೇ ತೋರಿಸುತ್ತದೆ. ಸೇವ್ ಒತ್ತಿದಿರೋ, ಉಳಿದ ಒಂಬತ್ತು ಹೋದಂತೆ.

ಡಾಕ್ಯುಮೆಂಟ್ ಇಮೇಜಿಂಗನ್ನೇ ಮರಳಿ ತರುವುದು ಮೂರನೆಯ ದಾರಿ. ವೆಬ್‌ಸೈಟ್ ರಚಿಸಲೆಂದು ಮೈಕ್ರೋಸಾಫ್ಟ್ ಉಚಿತವಾಗಿ ಕೊಟ್ಟಿದ್ದ ಶೇರ್‌ಪಾಯಿಂಟ್ ಡಿಸೈನರ್ 2007ರ ಸೆಟಪ್‌ನಲ್ಲಿ ಅದು ಇದೆ. ಸೆಟಪ್ ಓಡಿಸಿ ‘ಕಸ್ಟಮೈಸ್’ ಒತ್ತಿ, ಎಲ್ಲ ಭಾಗಗಳನ್ನೂ ‘ನಾಟ್ ಅವೈಲಬಲ್’ ಮಾಡಿ. ಆಮೇಲೆ ‘ಆಫೀಸ್ ಟೂಲ್ಸ್’ ಬಿಡಿಸಿ, ಡಾಕ್ಯುಮೆಂಟ್ ಇಮೇಜಿಂಗ್ ಒಂದಕ್ಕೆ ಮಾತ್ರ ‘ರನ್ ಆಲ್ ಫ್ರಮ್ ಮೈ ಕಂಪ್ಯೂಟರ್’ ಕೊಡಿ. ಮೊದಲ ಹೆಜ್ಜೆ ಮರೆತರೆ ಬೇಡದ ಡಿಸೈನರ್ ಕೂಡ ಬಂದು ಕೂರುತ್ತದೆ. ಎಂಡಿಐ, ಟಿಫ್ ಎರಡೂ ತೆರೆಯುತ್ತವೆ. ಸ್ಕ್ಯಾನ್‌ನಿಂದ ಅಕ್ಷರ ಎತ್ತುವ ಓಸಿಆರ್ ಕೂಡ ವಾಪಸ್. ಆದರೆ 2007ರ ಸರಣಿಗೆ ಭದ್ರತಾ ಅಪ್‌ಡೇಟ್ ನಿಂತದ್ದು 2017ರ ಅಕ್ಟೋಬರ್‌ನಲ್ಲಿ. ಹೊರಗಿನಿಂದ ಬಂದ ಫೈಲ್‌ಗಳನ್ನು ಇದರಲ್ಲಿ ತೆರೆಯುವುದು ಬೇಡ. (ಕಳೆದುಹೋದದ್ದು ಆಫೀಸ್‌ನ ಚಿತ್ರ ತಿದ್ದುವ ಭಾಗವಾದ ಪಿಕ್ಚರ್ ಮ್ಯಾನೇಜರ್ ಆದರೆ ಅದು ಡಿಸೈನರ್ 2010ರಲ್ಲಿದೆ. ಆಫೀಸ್ 32 ಬಿಟ್ ಆದರೆ ಸೆಟಪ್ ಕೂಡ 32 ಬಿಟ್‌ನದೇ ಇರಲಿ.)

ಎಂಡಿಐ ರಾಶಿಯೇ ಬಿದ್ದಿದ್ದರೆ ಪರಿವರ್ತನೆಯೇ ಸರಿ. ಮೈಕ್ರೋಸಾಫ್ಟ್‌ನದೇ ಎಂಡಿಐ–ಟಿಫ್ ಕನ್ವರ್ಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ ನಡೆಯುತ್ತದೆ. ಮೂಲ ಫೋಲ್ಡರ್ ಒಂದು, ಫಲಿತಾಂಶಕ್ಕೆ ಇನ್ನೊಂದು ಕೊಟ್ಟರೆ ಇಡೀ ರಾಶಿ ಒಮ್ಮೆಗೇ ಮುಗಿಯುತ್ತದೆ. ಟಿಫ್‌ಗಳು ಗಾತ್ರದಲ್ಲಿ ಹಿಗ್ಗುತ್ತವೆ, ಡಿಸ್ಕ್‌ನಲ್ಲಿ ಜಾಗ ನೋಡಿಕೊಂಡು ಶುರುಮಾಡಿ. ನಾಲ್ಕಾರು ಫೈಲ್‌ಗಳ ಪುಟಸಂಖ್ಯೆ ತಾಳೆ ಹಾಕುವವರೆಗೆ ಮೂಲವನ್ನು ಅಳಿಸಬೇಡಿ.